ಕೆಂಪು ಕಟ್ಟಿದ ಕೈಗಳು

ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಮಗಳ ರಂಗಪ್ರವೇಶಕ್ಕೆ ದಿನ ಗೊತ್ತಾಯಿತೆಂದರೆ ಎಷ್ಟೋ ಮನೆಗಳವರು ಚೆನ್ನೈಗೊಂದು ಪ್ರಯಾಣ ಹಾಕಿಕೊಳ್ಳುತ್ತಾರೆ. ಮೈಲಾಪುರದ ಕಪಾಲೀಶ್ವರ ಗುಡಿಯ ಸುತ್ತಣ ಮಾಡಬೀದಿಗಳಲ್ಲಿ ಹೂವು, ಕುಂಕುಮ, ಹಿತ್ತಾಳೆ ದೀಪಗಳ ಅಂಗಡಿಗಳ ನಡುವೆ ನೃತ್ಯದ ಒಡವೆ ಮಾರುವ ಅಂಗಡಿಗಳಿವೆ. ‘ಫುಲ್ ಸೆಟ್’ ಎಂದರೆ ಸಾಕು, ಗಾಜಿನ ಕಪಾಟಿನಿಂದ ಒಂದೊಂದಾಗಿ ಇಳಿಯುತ್ತವೆ: ಬೈತಲೆ ಬೊಟ್ಟು, ಅದರ ಎರಡು ಪಕ್ಕಕ್ಕೆ ಸೂರ್ಯ ಚಂದ್ರ, ಹಿಂದಲೆಗೆ ರಾಗಟೆ, ಹೆರಳಿಗೆ ಜಡೆನಾಗರ, ಕಿವಿಗೆ ಓಲೆ, ಜುಮುಕಿ, ಮಾಟಿ, ಮೂಗಿಗೆ ನತ್ತು, ಬುಲಾಕು, ಕೊರಳಿಗೆ ಅಡ್ಡಿಕೆ, ಅದರ ಕೆಳಗೆ ಉದ್ದನೆಯ ಮಾವಿನಕಾಯಿ ಸರ, ತೋಳಿಗೆ ವಂಕಿ, ನಡುವಿಗೆ ಡಾಬು. ಎಲ್ಲದರ ಮೇಲೂ ಅದೇ ಕೆಂಪು ಹರಳು, ನಡುನಡುವೆ ಒಂದಿಷ್ಟು ಹಸಿರು, ಬಿಳಿ.

ಇವಕ್ಕೆ ಈಗ ‘ಟೆಂಪಲ್ ಜ್ಯುವೆಲರಿ’ ಎಂಬ ಹೆಸರು ನಿಂತಿದೆ. ದೇವರ ಮೈಮೇಲಿಂದ ದೇವರ ಮುಂದೆ ಕುಣಿಯುವವಳ ಮೈಮೇಲೆ, ಅಲ್ಲಿಂದ ಶಾಲೆಗೆ ಹೋಗುವ ಹುಡುಗಿಯ ಮೈಮೇಲೆ ಬಂದ ಒಡವೆಯಿದು. ಪ್ರತಿ ಸಲವೂ ಲೋಹ ಅಗ್ಗವಾಯಿತು, ಹರಳು ಅಗ್ಗವಾಯಿತು. ಆಕಾರ ಮಾತ್ರ ಹೆಚ್ಚು ಕೆಡದೆ ಉಳಿಯಿತು. ಉಳಿಸಿದವರು ಅಕ್ಕಸಾಲಿಗರು, ಅವರಲ್ಲೂ ಹರಳು ಕಟ್ಟುವವರು. ಈ ಒಡವೆಯ ಚರಿತ್ರೆಯಲ್ಲಿ ರಾಜರ ಹೆಸರಿದೆ, ನರ್ತಕಿಯರ ಹೆಸರಿದೆ, ಅಂಗಡಿಗಳ ಹೆಸರೂ ಇದೆ. ಕಟ್ಟಿದವರ ಹೆಸರು ಸಿಗುವುದೇ ಅಪರೂಪ. ನನ್ನ ಮಟ್ಟಿಗೆ ಇದು ಈ ಕಸುಬಿನ ದೊಡ್ಡ ಅನ್ಯಾಯ.

ಬರೆದಿಟ್ಟ ಲೆಕ್ಕ ತಂಜಾವೂರಿನಲ್ಲಿ ಧಾರಾಳವಾಗಿ ಸಿಗುತ್ತದೆ. 1010ರಲ್ಲಿ ಪೂರ್ಣಗೊಂಡ ಬೃಹದೀಶ್ವರ ದೇಗುಲದ ಗೋಡೆಗಳ ಮೇಲೆ ರಾಜರಾಜ ಚೋಳ, ಅವನ ಅಕ್ಕ ಕುಂದವೈ, ರಾಣಿಯರು ಕೊಟ್ಟ ಒಡವೆಗಳ ಪಟ್ಟಿಗಳಿವೆ. ಮುತ್ತುಗಳನ್ನು ದುಂಡನೆಯವು, ದುಂಡಗೆ ಹತ್ತಿರದವು, ನಯವಾದವು, ಒರಟಾದವು ಎಂದು ಬೇರೆ ಬೇರೆ ಎಣಿಸಿದ್ದಾರೆ. ತೂಕ ಕಳಂಜು, ಮಂಜಾಡಿ, ಗುಲಗಂಜಿಯವರೆಗೂ ಇಳಿಯುತ್ತದೆ. ತೂಗುವ ಕಲ್ಲಿಗೂ ‘ಆಡವಲ್ಲಾನ್’ ಎಂದು ನಟರಾಜನ ಹೆಸರು. ಒಡವೆಯ ತೂಕದಲ್ಲಿ ದಾರ, ಅರಗು ಸೇರಿವೆ ಎಂಬುದನ್ನೂ ಬಿಡದೆ ಕೆತ್ತಿದ್ದಾರೆ. ಹರಳನ್ನು ಅರಗಿನ ಮೇಲೆ ಕೂರಿಸುವ ಪದ್ಧತಿ ಆಗಲೇ ರೂಢಿಯಲ್ಲಿತ್ತು ಎನ್ನುವುದಕ್ಕೆ ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಬೇಕಿಲ್ಲ. ಅದೇ ಗೋಡೆಯ ಮೇಲೆ ದೇವಾಲಯದ ಸೇವೆಗೆಂದು ಕರೆಸಿದ 400 ನರ್ತಕಿಯರ ಹೆಸರುಗಳೂ ಇವೆ: ಯಾವ ಊರಿನಿಂದ ಬಂದವಳು, ಯಾವ ಬೀದಿಯ ಯಾವ ಸಾಲಿನಲ್ಲಿ ಅವಳ ಮನೆ ಎಂಬ ವಿವರದೊಂದಿಗೆ. ಕೊಟ್ಟವರು, ಕುಣಿದವರು ಕಲ್ಲಿನಲ್ಲಿ ಹೀಗೆ ಕಣ್ಣಿಗೆ ಕಟ್ಟಿದಂತೆ ನಿಂತಿದ್ದಾರೆ. ಆ ಒಂದೊಂದು ಒಡವೆಯನ್ನು ಮಾಡಿದ ಕೈ ಯಾರದೆಂದು ಪಟ್ಟಿ ಹೇಳುವುದಿಲ್ಲ.

ಕನ್ನಡನಾಡಿನ ಕಡೆ ತಿರುಗಿದರೆ ಈ ಕೊರತೆ ಇನ್ನೂ ಎದ್ದು ಕಾಣುತ್ತದೆ. 1117ರ ಬೇಲೂರು ದೇಗುಲದ ಮದನಿಕೆಯರ ಕೊರಳ ಸರ, ತೋಳಬಂದಿ, ನಡುಪಟ್ಟಿ, ಕಾಲಂದುಗೆಗಳು ಎಷ್ಟು ಸೂಕ್ಷ್ಮವೆಂದರೆ, ಅಕ್ಕಸಾಲಿಗನ ಕೆಲಸವನ್ನು ಹತ್ತಿರದಿಂದ ಬಲ್ಲವರಲ್ಲದೆ ಬೇರೆಯವರು ಅವನ್ನು ಬಳಪದ ಕಲ್ಲಿನಲ್ಲಿ ತೆಗೆಯಲಾರರು. ಆ ಶಿಲ್ಪಿಗಳು ತಮ್ಮ ಹೆಸರನ್ನು ಕೆತ್ತಿಟ್ಟರು. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಇವತ್ತಿಗೂ ನಮಗೆ ಹೆಸರಿನಿಂದ ಗೊತ್ತು. ಅವರು ನೋಡಿ ಕೆತ್ತಿದ ಚಿನ್ನದ ಸರ ಮಾಡಿದವನು ಗೊತ್ತಿಲ್ಲ. ಚಿನ್ನವನ್ನು ಕರಗಿಸಿ ಮತ್ತೆ ಮಾಡಿಸುವುದು ವಾಡಿಕೆಯಾದ್ದರಿಂದ ಅವನ ಕೆಲಸವೂ ಉಳಿಯಲಿಲ್ಲ. ಹೆಚ್ಚೂಕಡಿಮೆ ಅದೇ ಕಾಲದಲ್ಲಿ ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರ ತನ್ನ ‘ಮಾನಸೋಲ್ಲಾಸ’ದಲ್ಲಿ ರತ್ನಪರೀಕ್ಷೆಗೂ ಒಡವೆಗಳಿಗೂ ಜಾಗ ಕೊಟ್ಟ. ಅದು ತೊಡುವವನ ಭೋಗದ ದೃಷ್ಟಿಯಿಂದ ಬರೆದದ್ದು.

ವಿಜಯನಗರಕ್ಕೆ ಬರುವ ಹೊತ್ತಿಗೆ ನರ್ತಕಿಯ ಒಡವೆ ಹೊರದೇಶದವರ ಕಣ್ಣಿಗೂ ಬಿತ್ತು. 1520ರ ಸುಮಾರಿಗೆ ಹಂಪಿಗೆ ಬಂದ ಪೋರ್ಚುಗೀಸ್ ವ್ಯಾಪಾರಿ ಡೊಮಿಂಗೊ ಪಾಯಸ್ ಮಹಾನವಮಿಯಲ್ಲಿ ಕುಣಿದ ಹೆಂಗಸರ ಮೈಮೇಲಿದ್ದ ವಜ್ರ, ಮಾಣಿಕ್ಯ, ಮುತ್ತಿನ ಸರಗಳನ್ನು ಕಂಡು ಬೆರಗಾಗಿ, ಇವರಿಗೆ ಇಷ್ಟು ಸಂಪತ್ತು ಎಲ್ಲಿಂದ ಬಂತೆಂದು ವಿಸ್ಮಯಪಟ್ಟಿದ್ದಾನೆ. 1513ರಲ್ಲಿ ಕೃಷ್ಣದೇವರಾಯ ತಿರುಪತಿಯ ದೇವರಿಗೆ ರತ್ನದ ಕಿರೀಟ ಒಪ್ಪಿಸಿದ. ಮುಂದೆ ಮೇಲುಕೋಟೆಯ ಚೆಲುವನಾರಾಯಣನಿಗೆ ರಾಜ ಒಡೆಯರು ರಾಜಮುಡಿಯನ್ನೂ ಮುಮ್ಮಡಿ ಕೃಷ್ಣರಾಜ ಒಡೆಯರು ಕೃಷ್ಣರಾಜಮುಡಿಯನ್ನೂ ಮಾಡಿಸಿದರು. ದೇವರಿಗೆ, ದೊರೆಗೆ, ನರ್ತಕಿಗೆ ಒಡವೆ ಮಾಡುವ ಕಸುಬು ದಕ್ಷಿಣದಲ್ಲೆಲ್ಲ ಹರಡಿದ್ದ ಕಾಲ ಅದು.

ಮದರಾಸಿನಲ್ಲಿ ಈ ಕಲೆ ಮೊದಲ ಸಲ ಅಂಗಡಿಯ ಸರಕಾದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ, ಅದೂ ಬ್ರಿಟಿಷರಿಗಾಗಿ. ಮೌಂಟ್ ರೋಡಿನ ಪಿ. ಓರ್ ಅಂಡ್ ಸನ್ಸ್ ಕಂಪನಿ ಗಡಿಯಾರಕ್ಕೆ ಹೆಸರಾದದ್ದು. ಅದು ಸ್ಥಳೀಯ ಅಕ್ಕಸಾಲಿಗರ ಕೈಯಿಂದ ದೇವದೇವತೆಗಳ ಉಬ್ಬುಚಿತ್ರವಿರುವ ಕಡಗ, ಪದಕ, ಬೆಳ್ಳಿಯ ಸಾಮಾನು ಮಾಡಿಸಿತು. ಇದಕ್ಕೆ ‘ಸ್ವಾಮಿ ಕೆಲಸ’ ಎಂದು ಹೆಸರಾಯಿತು. 1875ರಲ್ಲಿ ಪ್ರಿನ್ಸ್ ಆಫ್ ವೇಲ್ಸ್ ಭಾರತಕ್ಕೆ ಬಂದುಹೋದ ಮೇಲೆ ಲಂಡನ್ನಿನಲ್ಲಿ ಅದರ ಶೋಕಿ ಹತ್ತಿತು. ಗುಡಿಯ ಶಿಲ್ಪದಿಂದ ಮಾದರಿ ಎತ್ತಿಕೊಂಡು, ಪೂಜೆಗಲ್ಲದೆ ಅಲಂಕಾರಕ್ಕೆಂದು ಒಡವೆ ಮಾಡಿ ಮಾರುವ ಈಗಿನ ಪದ್ಧತಿಯ ಮೊದಲ ರೂಪವನ್ನು ನಾನು ಇಲ್ಲಿ ಕಾಣುತ್ತೇನೆ. ಕಂಪನಿಯ ಮುದ್ರೆ ಒತ್ತಿದ ವಸ್ತುಗಳು ಇವತ್ತಿಗೂ ಹರಾಜಿಗೆ ಬರುತ್ತವೆ. ಮುದ್ರೆಯಲ್ಲಿ ಕಂಪನಿಯ ಹೆಸರಷ್ಟೇ.

ದೊಡ್ಡ ತಿರುವು ಬಂದದ್ದು ನೃತ್ಯದಿಂದ. ಮೈಸೂರು ಸಂಸ್ಥಾನ 1909ರಲ್ಲೇ ಗುಡಿಗಳಲ್ಲಿ ದೇವದಾಸಿ ಸೇವೆಯನ್ನು ನಿಲ್ಲಿಸಿತ್ತು. ಮುತ್ತುಲಕ್ಷ್ಮಿ ರೆಡ್ಡಿಯವರ ಹೋರಾಟದ ಫಲವಾಗಿ ಮದರಾಸಿನಲ್ಲಿ 1947ರಲ್ಲಿ ಆ ಪದ್ಧತಿಯನ್ನು ನಿಷೇಧಿಸುವ ಕಾಯ್ದೆ ಬಂತು. ಈ ನಡುವೆ ಮದರಾಸಿನ ಮ್ಯೂಸಿಕ್ ಅಕಾಡೆಮಿ ದೇವದಾಸಿಯರ ‘ಸದಿರ್’ ನೃತ್ಯಕ್ಕೆ ಭರತನಾಟ್ಯವೆಂಬ ಹೆಸರನ್ನು ಎತ್ತಿಹಿಡಿಯಿತು. 1935ರ ಡಿಸೆಂಬರಿನಲ್ಲಿ ರುಕ್ಮಿಣಿ ದೇವಿ ಅಡ್ಯಾರಿನ ಥಿಯಾಸಾಫಿಕಲ್ ಸೊಸೈಟಿಯಲ್ಲಿ ರಂಗ ಏರಿದರು. ಮರುವರ್ಷ ಅವರ ನೃತ್ಯಶಾಲೆ ಕಲಾಕ್ಷೇತ್ರ ಹುಟ್ಟಿತು. ರುಕ್ಮಿಣಿ ದೇವಿಗೂ ನರ್ತಕಿ ಬಾಲಸರಸ್ವತಿಗೂ ಅಭಿನಯ ಕಲಿಸಿದ ಮೈಲಾಪುರ ಗೌರಿ ಅಮ್ಮಾಳ್ ಕಪಾಲೀಶ್ವರ ಗುಡಿಯ ಕೊನೆಯ ದೇವದಾಸಿ. ಇವತ್ತು ನೃತ್ಯದ ಒಡವೆ ಮಾರುವ ಬೀದಿಗಳು ಆಕೆ ಸೇವೆ ಮಾಡಿದ ಗುಡಿಯ ಬೀದಿಗಳೇ ಎನ್ನುವುದನ್ನು ಅಲ್ಲಿ ಸೆಟ್ ಕೊಳ್ಳುವ ತಾಯಂದಿರಿಗೆ ಯಾರಾದರೂ ಹೇಳಬೇಕು.

ರುಕ್ಮಿಣಿ ದೇವಿ ಗುಡಿಯ ಶಿಲ್ಪಗಳನ್ನು ನೋಡಿ ಹೊಸ ಉಡುಪು ರೂಪಿಸಿದರು. ಹಳೆಯ ಒಡವೆಗಳು ಹಾಗೇ ಉಳಿದವು. ಆದರೆ ತೊಡುವವರು ಬದಲಾದರು. ಮನೆತನದಿಂದ ಬಂದ ಚಿನ್ನ ಇಲ್ಲದ ಮಧ್ಯಮ ವರ್ಗದ ಹುಡುಗಿಯರು ನೃತ್ಯಕ್ಕೆ ಬಂದರು. ಅವರಿಗೆ ಬೇಕಾದದ್ದು ಚಿನ್ನದಂತೆ ಕಾಣುವ, ದೀಪದ ಬೆಳಕಿಗೆ ಹೊಳೆಯುವ, ಜತಿಯ ಏಟಿಗೆ ಕಳಚದ, ಅಪ್ಪನ ಸಂಬಳಕ್ಕೆ ನಿಲುಕುವ ಒಡವೆ. ನಮ್ಮ ಯಕ್ಷಗಾನದವರು ಇದೇ ಸಮಸ್ಯೆಯನ್ನು ಬೇರೆ ರೀತಿಯಲ್ಲಿ ಬಗೆಹರಿಸಿಕೊಂಡಿದ್ದರು. ಕಾಸರಗೋಡಿನಿಂದ ಉತ್ತರ ಕನ್ನಡದವರೆಗೆ ವೇಷದ ಕಿರೀಟ, ಭುಜಕೀರ್ತಿ, ಎದೆಕಟ್ಟುಗಳನ್ನು ಹಗುರವಾದ ಮರದಲ್ಲಿ ಕೆತ್ತಿ ಬೇಗಡೆ ಅಂಟಿಸುತ್ತಿದ್ದರು. ಮೈತುಂಬ ಹೊತ್ತು ರಾತ್ರಿಯಿಡೀ ಕುಣಿಯಬೇಕಲ್ಲ. ಮದರಾಸಿನ ನೃತ್ಯಕ್ಕೆ ಉತ್ತರ ಬಂದದ್ದು ದಕ್ಷಿಣದ ತುದಿಯಿಂದ.

ನಾಗರಕೋಯಿಲಿನ ವಡಸೇರಿ ಆಗ ತಿರುವಾಂಕೂರಿಗೆ ಸೇರಿತ್ತು. 1956ರಲ್ಲಿ ಕನ್ಯಾಕುಮಾರಿ ಜಿಲ್ಲೆಯೊಂದಿಗೆ ಮದರಾಸು ರಾಜ್ಯಕ್ಕೆ ಬಂತು. ಗುಡಿಗಳಿಗೂ ಅರಮನೆಗೂ ಒಡವೆ ಮಾಡುತ್ತಿದ್ದ ಕುಶಲಕರ್ಮಿಗಳ ಮನೆಗಳು ಅಲ್ಲಿವೆ. ಕೆಲಸದ ಕ್ರಮ ಹೀಗೆ: ಬೆಳ್ಳಿಯ ತಗಡನ್ನು ಮಾವಿನಕಾಯಿಯ ಆಕಾರಕ್ಕೋ ಹಂಸದ ಆಕಾರಕ್ಕೋ ಕತ್ತರಿಸುತ್ತಾರೆ. ತೆಳು ಬೆಳ್ಳಿ ಪಟ್ಟಿಗಳನ್ನು ಅಂಚಿಗೆ ನಿಲ್ಲಿಸಿ ಬೆಸೆದು, ಒಂದೊಂದು ಹರಳಿಗೂ ಒಂದೊಂದು ಪುಟ್ಟ ಕೋಣೆ ಎಬ್ಬಿಸುತ್ತಾರೆ. ಕೋಣೆಯೊಳಗೆ ಕಾಯಿಸಿದ ಅರಗು ತುಂಬುತ್ತಾರೆ. ಅದು ಪೂರ್ತಿ ಗಟ್ಟಿಯಾಗುವ ಮೊದಲು ಹರಳನ್ನು ಇಟ್ಟು ಅದುಮುತ್ತಾರೆ. ಆಮೇಲೆ ಬರುವುದು ಕೈಚಳಕದ ಘಟ್ಟ. ಅಪ್ಪಟ ಚಿನ್ನದ ರೇಕನ್ನು ಸಣ್ಣಗೆ ಕತ್ತರಿಸಿ, ಹರಳಿಗೂ ಗೋಡೆಗೂ ನಡುವಿನ ಕೂದಲೆಳೆಯಷ್ಟು ಸಂದಿಗೆ ಮೊಂಡು ಉಕ್ಕಿನ ಮೊಳೆಯಿಂದ ಒತ್ತುತ್ತಾ ಹೋಗುತ್ತಾರೆ. ಅಪ್ಪಟ ಚಿನ್ನ ಮೆತ್ತಗಿರುವುದರಿಂದ ಒತ್ತಿದಲ್ಲೇ ಒಂದಾಗಿ ಹರಳನ್ನು ಹಿಡಿಯುತ್ತದೆ. ಬೆಂಕಿಯೂ ಬೇಡ, ಅಂಟೂ ಬೇಡ. ರೇಕು ಒಂದು ಕಡೆ ದಪ್ಪ, ಒಂದು ಕಡೆ ತೆಳು ಆದರೆ ಹರಳು ವಾಲುತ್ತದೆ. ಸಾಲಿನಲ್ಲಿ ಒಂದು ವಾಲಿದರೆ ಇಡೀ ಸರ ಸೊಟ್ಟಗೆ ಕಾಣುತ್ತದೆ. ಚೌಕಟ್ಟು ಮಾಡುವವರು ಒಬ್ಬರು, ಹರಳು ಕಟ್ಟುವವರು ಇನ್ನೊಬ್ಬರು, ನಯ ಮಾಡುವವರು ಮತ್ತೊಬ್ಬರು.

ಇಷ್ಟು ನಾಜೂಕಿನ ಕೆಲಸ ಹಿಡಿಯುವ ಹರಳು ಬಹುಪಾಲು ನಿಜವಾದ ಮಾಣಿಕ್ಯವಲ್ಲ. ಹಿಂದೆ ಬರ್ಮಾದಿಂದ ಬರುತ್ತಿದ್ದ ಕೆಂಪಿನ ಜಾಗಕ್ಕೆ ಬಣ್ಣದ ಗಾಜು, ಕೃತಕ ಹರಳು ಬಂದವು. 1902ರಲ್ಲಿ ಫ್ರಾನ್ಸಿನ ಆಗಸ್ಟ್ ವೆರ್ನ್ಯೂಯಿ ಬೆಂಕಿಯ ಜ್ವಾಲೆಯಲ್ಲಿ ಮಾಣಿಕ್ಯ ಬೆಳೆಸುವ ವಿಧಾನವನ್ನು ಪ್ರಕಟಿಸಿದ ಮೇಲೆ ಕೃತಕ ಕೆಂಪು ಅಗ್ಗವಾಯಿತು. ಕೃತಕ ಹರಳು ಕೊಯ್ದು ಸಾಣೆ ಹಿಡಿಯುವ ಕೆಲಸ ತಿರುಚ್ಚಿಯ ಸುತ್ತಲ ಹಳ್ಳಿಗಳಲ್ಲಿ ಮನೆಮನೆಯ ಉದ್ಯೋಗವಾಯಿತು.

1963ರ ಜನವರಿಯಲ್ಲಿ ಆಗಿನ ಹಣಕಾಸು ಮಂತ್ರಿ ಮೊರಾರ್ಜಿ ದೇಸಾಯಿಯವರು ಚಿನ್ನ ನಿಯಂತ್ರಣ ನಿಯಮ ತಂದು, 14 ಕ್ಯಾರೆಟ್‌ಗಿಂತ ಶುದ್ಧವಾದ ಹೊಸ ಒಡವೆ ಮಾಡುವುದನ್ನೇ ನಿಲ್ಲಿಸಿದರು. ದೇಶದ ಅಕ್ಕಸಾಲಿಗರ ಕುಲುಮೆ ಆರಿತು; ಆತ್ಮಹತ್ಯೆಗಳೂ ನಡೆದವು. 1968ರ ಕಾಯ್ದೆ 1990ರವರೆಗೂ ಇತ್ತು. ಆ ದಶಕಗಳಲ್ಲಿ ಚಿದಂಬರಂನ ‘ಕವರಿಂಗ್’, ಮಚಲೀಪಟ್ಟಣದ ಚಿಲಕಲಪೂಡಿಯ ರೋಲ್ಡ್ ಗೋಲ್ಡ್ ಮನೆಮಾತಾದವು. ಬೆಳ್ಳಿಯ ಮೇಲಿನ ಚಿನ್ನದ ರೇಕಿನ ಜಾಗಕ್ಕೆ ತಾಮ್ರದ ಮೇಲಿನ ಗಿಲೀಟು ಬಂತು. ಕೋಡಂಬಾಕಂ ಸ್ಟುಡಿಯೋಗಳ ಪೌರಾಣಿಕ ಚಿತ್ರಗಳಿಗೆ ಇದು ಚೆನ್ನಾಗಿ ಒದಗಿತು. 1954ರ ‘ಬೇಡರ ಕಣ್ಣಪ್ಪ’ದಿಂದ ಹಿಡಿದು ಎಷ್ಟೋ ಕನ್ನಡ ಚಿತ್ರಗಳು ತಯಾರಾದದ್ದು ಮದರಾಸಿನಲ್ಲೇ ಆದ್ದರಿಂದ ನಮ್ಮ ತೆರೆಯ ದೇವರು, ದೊರೆಗಳ ಮೈಮೇಲೂ ಆ ಊರಿನ ಗಿಲೀಟು ಒಡವೆ ಹೊಳೆಯಿತು.

ಒಡವೆಯನ್ನು ಕಲಾವಿದನ ಕೆಲಸವಾಗಿ ನೋಡುವ ಕಣ್ಣು ಬೇರೆ ಕಡೆಯಿಂದ ಬಂತು. 1850ರಲ್ಲಿ ಅಲೆಕ್ಸಾಂಡರ್ ಹಂಟರ್ ಶುರುಮಾಡಿದ ಮದರಾಸಿನ ಕಲಾಶಾಲೆಯಲ್ಲಿ ಲೋಹದ ಕೆಲಸಕ್ಕೆ ಮೊದಲಿನಿಂದ ಜಾಗವಿತ್ತು. ಅಲ್ಲಿನ ಪ್ರಾಂಶುಪಾಲ ಕೆ.ಸಿ.ಎಸ್. ಪಣಿಕ್ಕರ್ ಮತ್ತು ಶಿಷ್ಯರು 1966ರಲ್ಲಿ ಸಮುದ್ರದಂಡೆಯಲ್ಲಿ ಕಟ್ಟಿದ ಚೋಳಮಂಡಲ ಕಲಾಗ್ರಾಮದವರು ಬಾಟಿಕ್, ಲೋಹದ ಕೆಲಸ ಮಾರಿ ಹೊಟ್ಟೆ ಹೊರೆದುಕೊಂಡು ಚಿತ್ರ ಬರೆದರು. ಮೈಸೂರಿನಲ್ಲಿ ಹುಟ್ಟಿದ ಎಸ್.ಜಿ. ವಾಸುದೇವ್ ಅವರಲ್ಲಿ ಒಬ್ಬರು. ‘ಸಂಸ್ಕಾರ’ ಚಿತ್ರದ ಕಲಾನಿರ್ದೇಶನ ಅವರದೇ. ತಾಮ್ರದ ತಗಡಿನ ಮೇಲಿನ ಅವರ ಉಬ್ಬುಕೆಲಸ ಪ್ರಸಿದ್ಧ. ಅಲ್ಲಿ ಕೈಕೆಲಸಕ್ಕೆ ಮಾಡಿದವನ ಸಹಿ ಬಿತ್ತು. ಆ ಸಹಿ ನಾಗರಕೋಯಿಲಿನ ಹರಳು ಕಟ್ಟುವವರವರೆಗೆ ತಲುಪಲಿಲ್ಲ ಎಂಬುದೇ ನನ್ನ ಕೊರಗು.

ದೂರದ ಜಾರ್ಜಿಯಾ ದೇಶದ ಕಥೆ ಇಲ್ಲಿ ನೆನಪಾಗುವುದು ಸುಮ್ಮನೆ ಅಲ್ಲ. ಅಲ್ಲಿಯ ಮಿನಾಂಕಾರಿ ಕಲೆಯಲ್ಲೂ ಲೋಹದ ತಗಡಿನ ಮೇಲೆ ತೆಳು ಪಟ್ಟಿಗಳಿಂದ ಕೋಣೆಗಳನ್ನು ಕಟ್ಟುತ್ತಾರೆ. ಹರಳಿನ ಬದಲು ಬಣ್ಣದ ಗಾಜಿನ ಪುಡಿ ತುಂಬಿ ಕುಲುಮೆಯಲ್ಲಿ ಕರಗಿಸುತ್ತಾರೆ. ಹನ್ನೆರಡನೆಯ ಶತಮಾನದ ಖಾಖುಲಿ ತ್ರಿಪಟದಲ್ಲಿ ಅಂಥ ನೂರಕ್ಕೂ ಹೆಚ್ಚು ತುಣುಕುಗಳಿವೆ. ಚರ್ಚಿನ ಪವಿತ್ರ ಚಿತ್ರಗಳಿಗೆ ಮೀಸಲಾಗಿದ್ದ ಆ ಕಲೆ ಮಧ್ಯಯುಗದ ನಂತರ ಸೊರಗಿ, ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಮತ್ತೆ ಚಿಗುರಿ, ಇವತ್ತು ತಿಬಿಲಿಸಿಯ ಅಂಗಡಿಗಳಲ್ಲಿ ಓಲೆ, ಉಂಗುರವಾಗಿ ಸಿಗುತ್ತದೆ. ದೇವರಿಂದ ಮನುಷ್ಯರಿಗೆ ಇಳಿದ ದಾರಿ ಎರಡೂ ಕಡೆ ಒಂದೇ. ನಮ್ಮಲ್ಲಿ ಕಸುಬಿನ ಎಳೆ ನಡುವೆ ಕಡಿಯಲಿಲ್ಲ, ಅದು ದೊಡ್ಡ ಭಾಗ್ಯ.

ಈಗ ಕಡಿಯುವ ಭಯವಿದೆ. ‘ನಾಗರಕೋಯಿಲಿನ ಟೆಂಪಲ್ ಜ್ಯುವೆಲರಿ’ಗೆ 2007–08ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಆದರೆ ಮೂಲ ಕೆಲಸ ಬಲ್ಲ ಮನೆಗಳು ಕಡಿಮೆಯಾಗುತ್ತಿವೆ, ಮಕ್ಕಳು ಬೇರೆ ಉದ್ಯೋಗ ಹಿಡಿಯುತ್ತಿದ್ದಾರೆ. ಅಚ್ಚಿನಲ್ಲಿ ಎರಕ ಹೊಯ್ದು, ಹರಳನ್ನು ಗೋಂದಿನಿಂದ ಅಂಟಿಸಿದ ಸೆಟ್‌ಗಳು ಅದೇ ಹೆಸರಿನಲ್ಲಿ ಆನ್‌ಲೈನಿನಲ್ಲೂ ಬೀದಿಯಲ್ಲೂ ಬಿಕರಿಯಾಗುತ್ತವೆ. ಕಲಿಯುವ ಮಗುವಿಗೆ ಅದು ಸಾಕು, ಅದರಲ್ಲಿ ತಪ್ಪೇನಿಲ್ಲ. ಎರಡಕ್ಕೂ ಒಂದೇ ಹೆಸರು ಹಚ್ಚಿ, ಬೆಲೆಯ ವ್ಯತ್ಯಾಸವಷ್ಟೇ ಗಿರಾಕಿಗೆ ಕಾಣುವಂತೆ ಮಾಡುವುದು ತಪ್ಪು.

ಕೊಳ್ಳುವವರು ಒಡವೆಯನ್ನು ತಿರುಗಿಸಿ ಹಿಂಬದಿ ನೋಡಬೇಕು. ಎರಕದ್ದಾದರೆ ಮುಂದಿನ ಆಕಾರವೇ ಹಿಂದೆ ತಗ್ಗಾಗಿ ಕಾಣುವುದುಂಟು. ಕೈಕೆಲಸದ್ದಕ್ಕೆ ಬೆನ್ನು ಮುಚ್ಚಿರುತ್ತದೆ, ತೂಕವೂ ಕೈಗೆ ಬೇರೆಯೇ ತಿಳಿಯುತ್ತದೆ. ಬೆವರಿಗೆ, ಏಟಿಗೆ ಹರಳು ಬೀಳುವುದು ಎರಡರಲ್ಲೂ ಇದ್ದದ್ದೇ. ಗೋಂದಿನದ್ದು ಬಿದ್ದರೆ ಮತ್ತೆ ಗೋಂದು, ಮತ್ತೆ ಬೀಳುವುದು. ಅರಗಿನದ್ದಾದರೆ ಸಣ್ಣ ಉರಿಯಲ್ಲಿ ಕಾಯಿಸಿ, ಹಳೆಯ ರೇಕು ಬಿಡಿಸಿ, ಹೊಸ ಹರಳು ಕೂರಿಸಿ ಮತ್ತೆ ರೇಕು ಒತ್ತಬಹುದು. ಹಾಗೆ ಅಜ್ಜಿಯ ಸೆಟ್ ಮೊಮ್ಮಗಳ ಅಳತೆಗೆ ಬರುತ್ತದೆ. ಅದನ್ನು ಮಾಡಬಲ್ಲ ಕೈ ಯಾವ ಊರಿನಲ್ಲಿದೆ, ಯಾರದು ಎಂದು ಅಂಗಡಿಯಲ್ಲಿ ಕೇಳಿ, ಆ ಹೆಸರನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳುವ ರೂಢಿಯನ್ನು ರಂಗಪ್ರವೇಶ ಮಾಡಿಸುವ ಮನೆಯವರೇ ಹಾಕಿಕೊಡಬಹುದು.