ಜಠರದೊಳಗೆ ಇಳಿದ ಬೆಳಕು

ಜಠರದ ಹುಣ್ಣನ್ನು ಕಣ್ಣಾರೆ ಕಾಣಲು ವೈದ್ಯರು ಹಿಂದೆ ಅಷ್ಟಾಗಿ ಬಾಗದ ಕೊಳವೆಯನ್ನು ರೋಗಿಯ ಗಂಟಲಿಗೆ ಇಳಿಸುತ್ತಿದ್ದರು. ಮೂಲೆಗಳು ಕಾಣುತ್ತಿರಲಿಲ್ಲ. ದಕ್ಷಿಣ ಆಫ್ರಿಕದಲ್ಲಿ ಓದಿ, ಲಂಡನ್ನಿನಲ್ಲಿ ತರಬೇತಿ ಪಡೆದು, 1953ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯ ಸೇರಿದ ತರುಣ ವೈದ್ಯ ಬೇಸಿಲ್ ಹಿರ್ಷೊವಿಟ್ಸ್‌ಗೆ ಇದು ಸಾಲದೆನಿಸಿತು.

ಕೂದಲಷ್ಟು ತೆಳುವಾದರೆ ಗಾಜೂ ಬಾಗುತ್ತದೆ! ಅಂಥ ಎಳೆಗಳ ಕಂತೆಯ ಮೂಲಕ ಚಿತ್ರ ಸಾಗಿಸಿದ್ದನ್ನು ಹಾಪ್‌ಕಿನ್ಸ್ ಮತ್ತು ನಮ್ಮ ಪಂಜಾಬಿನ ನರೀಂದರ್ ಸಿಂಗ್ ಕಪಾನಿ 1954ರಲ್ಲಿ ಪ್ರಕಟಿಸಿದರು. ಹಿರ್ಷೊವಿಟ್ಸ್ ಲಂಡನ್ನಿಗೇ ಹೋಗಿ ನೋಡಿ ಬಂದರು. ಆದರೆ ಎಳೆಯಿಂದ ಎಳೆಗೆ ಬೆಳಕು ಸೋರುತ್ತಿತ್ತು.

ಪರಿಹಾರ ಹೊಳೆದದ್ದು ಯಾರಿಗೆ ಬಲ್ಲಿರಾ? ಅಲ್ಲೇ ಪದವಿ ಓದುತ್ತಿದ್ದ ಲಾರಿ ಕರ್ಟಿಸ್ ಎಂಬ ಹುಡುಗನಿಗೆ. ಗಾಜಿನ ಎಳೆಗೆ ಬೇರೊಂದು ಬಗೆಯ ಗಾಜಿನದೇ ಹೊದಿಕೆ! ಹಿರಿಯರು ಒಪ್ಪಲಿಲ್ಲ, 1956ರ ಡಿಸೆಂಬರಿನಲ್ಲಿ ಆತ ಮಾಡಿಯೇಬಿಟ್ಟ.

1957ರ ಫೆಬ್ರವರಿಯಲ್ಲಿ ಹಿರ್ಷೊವಿಟ್ಸ್ ಆ ಬಳುಕುವ ಕೊಳವೆಯನ್ನು ಮೊದಲು ತಮ್ಮ ಗಂಟಲಿಗೇ ಇಳಿಸಿಕೊಂಡರು. ಕೆಲವೇ ದಿನಗಳಲ್ಲಿ ರೋಗಿಯೊಬ್ಬರ ಹುಣ್ಣು ಅದರಲ್ಲಿ ಕಂಡಿತು.