ನೋಡುವ ಊರು, ಬಾಳುವ ಊರು

ನನ್ನ ತಂಗಿಯ ಮಗ ಆಗ್ರಾ ನಗರವನ್ನು ನೋಡಿಕೊಂಡು ಬಂದು ತಾಜಮಹಲಿನ ಚೆಲುವನ್ನು ಒಂದು ತಾಸು ಬಣ್ಣಿಸಿದನು. ಎಲ್ಲವನ್ನೂ ಕೇಳಿದ ಮೇಲೆ, "ಆ ಊರಿನ ಜನ ಹೇಗೆ ಬಾಳುತ್ತಾರಪ್ಪ?" ಎಂದೆ. ಅವನು ಕ್ಷಣಕಾಲ ಸುಮ್ಮನಿದ್ದು, "ಅದನ್ನು ನೋಡಲಿಲ್ಲವಲ್ಲ, ಮಾವ" ಎಂದನು. ಅವನನ್ನು ಆಕ್ಷೇಪಿಸಲಾರೆ. ನೋಡಲು ಹೋದವನ ಕಣ್ಣಿಗೆ ಬೀಳುವುದು ಬೇರೆ, ಬಾಳುವವನ ಅನುಭವಕ್ಕೆ ಬರುವುದು ಬೇರೆ. ಈ ಅಂತರವನ್ನು ನಮ್ಮ ಮಳವಳ್ಳಿ ಸೀಮೆಯ ಚರಿತ್ರೆಯೇ ನನಗೆ ಕಲಿಸಿದೆ.

ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದ ಬಳಿ ಕಾವೇರಿ ಕವಲಾಗಿ ಗಗನಚುಕ್ಕಿ, ಭರಚುಕ್ಕಿ ಎಂಬ ಎರಡು ಜಲಪಾತಗಳಾಗಿ ಧುಮುಕುತ್ತಾಳೆ. ಪ್ರವಾಸಿಗೆ ಇದು ಕಣ್ಣಿನ ಹಬ್ಬ. ದಿವಾನ್ ಶೇಷಾದ್ರಿ ಅಯ್ಯರ್ ಅವರಿಗೆ ಇದು ಶಕ್ತಿಯ ಆಕರವಾಗಿ ಕಂಡಿತು. ಎಂಜಿನಿಯರ್ ಜೋಲಿ ಡಿ ಲಾಟ್‌ಬಿನಿಯೇರ್ ಅವರ ಮೇಲ್ವಿಚಾರಣೆಯಲ್ಲಿ ವಿದ್ಯುದಾಗಾರ ಸಿದ್ಧವಾಗಿ, 1902ರ ಜೂನ್ ತಿಂಗಳಲ್ಲಿ ಇಲ್ಲಿಯ ವಿದ್ಯುತ್ತು ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ಅದನ್ನು ನೋಡುವ ಭಾಗ್ಯ ಶೇಷಾದ್ರಿ ಅಯ್ಯರ್ ಅವರಿಗಿರಲಿಲ್ಲ. ಹಿಂದಿನ ವರ್ಷವೇ ಅವರು ತೀರಿಕೊಂಡಿದ್ದರು. 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದವು. 1908ರಲ್ಲಿ ಮೈಸೂರು ಬೆಳಗಿತು.

ಆದರೆ ಬೇಸಿಗೆಯಲ್ಲಿ ಹೊಳೆ ಸೊರಗುತ್ತಿತ್ತು. ಗಣಿಗಳಿಗೆ ವರ್ಷವಿಡೀ ವಿದ್ಯುತ್ತು ಬೇಕಾಗಿತ್ತು. ವಿಶ್ವೇಶ್ವರಯ್ಯನವರ ಯೋಜನೆಯಂತೆ 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಆರಂಭವಾಗಲು ಇದೂ ಒಂದು ಮುಖ್ಯ ಕಾರಣ. ಹೀಗೆ ದೂರದ ಗಣಿಯ ಅಗತ್ಯವು ಮಂಡ್ಯದ ಬಯಲಿಗೆ ನೀರನ್ನು ತರುವ ದಾರಿಯನ್ನೂ ತೆರೆಯಿತು. ಹುಲಿಕೆರೆಯ ಸುರಂಗವನ್ನು ಹಾಯ್ದು ಇರ್ವಿನ್ ನಾಲೆ ಬಂದಿತು. ಅದೇ ಇಂದಿನ ವಿಶ್ವೇಶ್ವರಯ್ಯ ನಾಲೆ. ಮಂಡ್ಯ, ಮದ್ದೂರು, ಮಳವಳ್ಳಿಗಳ ರಾಗಿಯ ಹೊಲಗಳು ಅನೇಕ ಕಡೆ ಬತ್ತ, ಕಬ್ಬುಗಳ ಗದ್ದೆಗಳಾದವು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪಿತವಾಯಿತು. 1939ರಲ್ಲಿ ಮಂಡ್ಯವೇ ಜಿಲ್ಲೆಯಾಯಿತು. ಇದಕ್ಕೆ ತೆತ್ತ ಬೆಲೆಯೂ ಉಂಟು. ಹಳೆಯ ಕನ್ನಂಬಾಡಿ ನೀರಿನಡಿ ಸೇರಿತು. ನಾಲೆಯ ನೀರಿನ ಬೆನ್ನಿಗೆ ಮಲೇರಿಯಾ ಜ್ವರವೂ ಬಂದಿತು.

ನಾನು ಹುಟ್ಟುವ ವೇಳೆಗೆ ಶಿವನಸಮುದ್ರದ ದೀಪಕ್ಕೆ ಅರ್ಧ ಶತಮಾನಕ್ಕೂ ಹೆಚ್ಚು ವಯಸ್ಸಾಗಿತ್ತು. ಆದರೂ ಜಲಪಾತದಿಂದ ಹೆಚ್ಚು ದೂರವಿಲ್ಲದ ನಮ್ಮ ಮನೆಯಲ್ಲಿ ಉರಿಯುತ್ತಿದ್ದುದು ಸೀಮೆಎಣ್ಣೆಯ ಬುಡ್ಡಿ. ನಾನು ಅಕ್ಷರ ಕಲಿತದ್ದು ಅದರ ಹೊಗೆಯಲ್ಲಿ. ಹೊಲದ ಮೇಲೆ ಹಾದುಹೋದ ದಪ್ಪ ತಂತಿಗಳನ್ನು ನೋಡಿ ನಮ್ಮ ತಾಯಿಯವರು, "ಇಲ್ಲಿ ನೀರು ಬಿದ್ದರೆ ಕೋಲಾರದಲ್ಲಿ ದೀಪ ಉರೀತದಂತೆ. ನಮ್ಮನೇಲಿ ಉರಿಯೋದು ಯಾವಾಗ ಮಗ?" ಎನ್ನುತ್ತಿದ್ದರು. ಓದಿದವನೆಂಬ ಹೆಮ್ಮೆಯಿದ್ದ ನನ್ನಲ್ಲಿ ಅದಕ್ಕೆ ಉತ್ತರವಿರಲಿಲ್ಲ.

ಕಡೆಗೆ ನಾನು ಎಸ್‌ಎಸ್‌ಎಲ್‌ಸಿ ಮುಗಿಸಿದ ವರ್ಷ ನಮ್ಮ ಮನೆಗೂ ದೀಪ ಬಂದಿತು. ಆ ರಾತ್ರಿ ತಾಯಿಯವರು ಮೊರದಲ್ಲಿ ಅಕ್ಕಿ ಹಾಕಿಕೊಂಡು ಬಲ್ಬಿನ ಕೆಳಗೆ ಕುಳಿತು ಕಲ್ಲು ಆರಿಸಿದರು. "ಇಷ್ಟು ಕಲ್ಲು ತಿಂದೆವಾ ಇಷ್ಟು ದಿವಸ!" ಎಂದು ನಕ್ಕರು. ಬಾಳಿನ ಗುಣಮಟ್ಟವೆಂದರೇನೆಂದು ಅನಂತರ ಯಾರು ಕೇಳಿದರೂ ನನಗೆ ನೆನಪಾಗುವುದು ಆ ಮೊರ.

ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿದವು. ಶಿವನಸಮುದ್ರದ ವಿದ್ಯುದಾಗಾರ ನೂರು ವರ್ಷ ದಾಟಿದ ಮೇಲೂ ದುಡಿಯಿತು. ಮಳೆಗಾಲದಲ್ಲಿ ಜನ ಗಗನಚುಕ್ಕಿಯನ್ನು ನೋಡಿ ಮೈಮರೆಯುತ್ತಾರೆ. ಮರೆಯಲಿ, ಅದು ತಪ್ಪಲ್ಲ. ಆದರೆ ಒಂದು ಊರಿನ ಹಿರಿಮೆಯನ್ನು ಅಳೆಯುವಾಗ ಅಲ್ಲಿಗೆ ಎಷ್ಟು ಜನ ಬಂದರು ಎಂಬುದರ ಜೊತೆಗೆ, ಆ ಊರಿನ ಸಂಪತ್ತು ಅಲ್ಲಿಯವರ ಒಲೆಯ ಬಳಿಗೆ ಯಾವಾಗ ಬಂದಿತು ಎಂಬುದನ್ನೂ ಕೇಳಬೇಕು.

ತಂಗಿಯ ಮಗನನ್ನು ಈ ಸಲ ಶಿವನಸಮುದ್ರಕ್ಕೆ ಕರೆದಿದ್ದೇನೆ. ಜಲಪಾತವನ್ನು ತೋರಿಸಿದ ಮೇಲೆ ನಮ್ಮ ಹಳೆಯ ಮನೆಗೂ ಕರೆದೊಯ್ಯುವೆ. ಬುಡ್ಡಿ ಇಡುತ್ತಿದ್ದ ಗೋಡೆಯ ಗೂಡಿನಲ್ಲಿ, ಎಷ್ಟು ಸಲ ಸುಣ್ಣ ಬಳಿದರೂ, ಆ ಮಸಿ ಇನ್ನೂ ಇದೆ.