ಸಾಮಾಜಿಕ ಜಾಲತಾಣಗಳ ಲಾಭದಾಯಕತೆ

ಬಳಕೆದಾರರೇ ಬರೆದು, ಚಿತ್ರ ಹಾಕಿ, ಒಬ್ಬರೊಡನೊಬ್ಬರು ಬೆಸೆದುಕೊಳ್ಳುವ ಅಂತರಜಾಲ ಸೇವೆಗೆ ಸಾಮಾಜಿಕ ಜಾಲತಾಣವೆಂದು ಹೆಸರು. ಸರಕನ್ನು ಬಳಕೆದಾರರೇ ಪುಕ್ಕಟೆಯಾಗಿ ಒದಗಿಸುವುದರಿಂದ, ಜನ ಸೇರಿದರೆ ಸಾಕು, ಹಣ ತಾನಾಗಿ ಬರುತ್ತದೆ ಎಂದು ಮೊದಲ ಉದ್ಯಮಿಗಳು ನಂಬಿದ್ದರು. ಚರಿತ್ರೆ ಈ ನಂಬಿಕೆಯನ್ನು ಸಮರ್ಥಿಸುವುದಿಲ್ಲ. ಜಾತ್ರೆಗೆ ಬಂದವರೆಲ್ಲ ಗಿರಾಕಿಗಳಲ್ಲ. 1997ರಲ್ಲಿ ಹುಟ್ಟಿದ ಸಿಕ್ಸ್‌ಡಿಗ್ರೀಸ್ ಎಂಬ ತಾಣ ಕೆಲವೇ ವರ್ಷಗಳಲ್ಲಿ ಮುಚ್ಚಿತು. 2005ರಲ್ಲಿ ನ್ಯೂಸ್ ಕಾರ್ಪ್ 58 ಕೋಟಿ ಡಾಲರಿಗೆ ಕೊಂಡ ಮೈಸ್ಪೇಸ್, ಮರುವರ್ಷ ಗೂಗಲ್ ಜೊತೆ 90 ಕೋಟಿ ಡಾಲರಿನ ಜಾಹೀರಾತು ಒಪ್ಪಂದ ಮಾಡಿಕೊಂಡಿತು. ಅದನ್ನು ಪೂರೈಸಲು ಪುಟಗಳ ತುಂಬ ಜಾಹೀರಾತು ತುರುಕಬೇಕಾಯಿತು, ಜನ ಬೇಸತ್ತರು. 2011ರಲ್ಲಿ ಅದು ಸುಮಾರು 3.5 ಕೋಟಿ ಡಾಲರಿಗೆ ಕೈಬದಲಾಯಿತು. ಭಾರತ ಮತ್ತು ಬ್ರೆಜಿಲ್‌ಗಳಲ್ಲಿ ಮನೆಮಾತಾಗಿದ್ದ ಆರ್ಕುಟ್ ಅನ್ನು ಗೂಗಲ್ 2014ರಲ್ಲಿ ನಿಲ್ಲಿಸಿತು.

ಹಾದಿ ಬದಲಿಸಿದ್ದು ಫೇಸ್‌ಬುಕ್. 2004ರಲ್ಲಿ ಆರಂಭವಾದ ಅದು, ತನ್ನ ನಗದು ಗಳಿಕೆ ಖರ್ಚನ್ನು ಮೀರಿದೆಯೆಂದು ಹೇಳಿಕೊಂಡದ್ದು 2009ರಲ್ಲಿ, ಬಳಕೆದಾರರು 30 ಕೋಟಿ ಮುಟ್ಟಿದಾಗ. ಜಾಹೀರಾತನ್ನು ಪುಟದ ಅಂಚಿನಲ್ಲಷ್ಟೇ ಇಡದೆ ಗೆಳೆಯರ ಸುದ್ದಿಯ ಸಾಲಿನೊಳಗೂ ಕೂರಿಸಿದ್ದು, 2012ರ ನಂತರ ಅದನ್ನೇ ಮೊಬೈಲಿಗೆ ಒಗ್ಗಿಸಿದ್ದು ನಿರ್ಣಾಯಕವಾಯಿತು. ಪರದೆಯ ಮೇಲೆ ಬೆರಳು ಸರಿಯುವಷ್ಟರಲ್ಲಿ ಆ ಒಂದು ಜಾಗಕ್ಕಾಗಿ ಜಾಹೀರಾತುದಾರರ ನಡುವೆ ಹರಾಜು ಮುಗಿದಿರುತ್ತದೆ. ಯಾರು ಎಷ್ಟು ಕೂಗಿದರು ಎಂಬುದಷ್ಟೇ ಅಲ್ಲ, ನೋಡುವವರು ಅದನ್ನು ಒತ್ತುವ ಸಂಭವ ಎಷ್ಟು ಎಂಬ ಅಂದಾಜೂ ಅಲ್ಲಿ ಲೆಕ್ಕಕ್ಕೆ ಬರುತ್ತದೆ. ಫೇಸ್‌ಬುಕ್‌ನ ಮಾತೃಸಂಸ್ಥೆ ಮೆಟಾ 2024ರಲ್ಲಿ 6,200 ಕೋಟಿ ಡಾಲರಿಗೂ ಮಿಕ್ಕಿ ನಿವ್ವಳ ಲಾಭ ಗಳಿಸಿತು.

ಜನ ಸೇರಿದರೆ ಹಣ ಬರುತ್ತದೆ ಎನ್ನಲು ಇದೊಂದು ಉದಾಹರಣೆಯೇ ಸಾಕಲ್ಲವೇ ಎಂದು ಕೇಳಬಹುದು. ಸಾಲದು. 2013ರಲ್ಲಿ ಷೇರುಪೇಟೆಗೆ ಬಂದ ಟ್ವಿಟರ್, 2022ರಲ್ಲಿ ಖಾಸಗಿ ಒಡೆತನಕ್ಕೆ ಹೋಗುವವರೆಗೆ, ಇಡೀ ವರ್ಷದ ಲಾಭ ತೋರಿಸಿದ್ದು 2018 ಮತ್ತು 2019ರಲ್ಲಿ ಮಾತ್ರ. ಜಗತ್ತಿನ ಅನೇಕ ನಾಯಕರು ಬಳಸುತ್ತಿದ್ದ ತಾಣದ ಗತಿ ಇದು. 2017ರಲ್ಲಿ ಷೇರುಪೇಟೆಗೆ ಬಂದ ಸ್ನ್ಯಾಪ್, 2024ರವರೆಗೆ ಪ್ರತಿ ವರ್ಷವೂ ನಷ್ಟ ತೋರಿಸಿತು. ಮೆಟಾದ ಗಳಿಕೆಯೂ ಎಲ್ಲ ನೆಲದಲ್ಲಿ ಒಂದೇ ಸಮನಾಗಿ ಬೆಳೆಯುವುದಿಲ್ಲ. 2023ರ ಕೊನೆಯ ಮೂರು ತಿಂಗಳಲ್ಲಿ ಫೇಸ್‌ಬುಕ್ಕಿಗೆ ಅಮೆರಿಕ ಮತ್ತು ಕೆನಡಾದ ಪ್ರತಿ ಬಳಕೆದಾರರಿಂದ ಸರಾಸರಿ 68 ಡಾಲರ್ ಬಂದರೆ, ಏಷ್ಯಾ-ಪೆಸಿಫಿಕ್‌ನಲ್ಲಿ ಬಂದದ್ದು 5.5 ಡಾಲರ್. ಬೆಂಗಳೂರಿನಲ್ಲಿ 2020ರಲ್ಲಿ ಶುರುವಾಗಿ, ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳನ್ನೇ ನೆಚ್ಚಿದ್ದ ‘ಕೂ’ 2024ರಲ್ಲಿ ಮುಚ್ಚಿದ್ದನ್ನು ಈ ಅಂತರದ ಬೆಳಕಿನಲ್ಲೇ ನೋಡಬೇಕು. ಸರ್ವರಿನ ಖರ್ಚು ತಲೆಯ ಲೆಕ್ಕದಲ್ಲಿ ಏರುತ್ತದೆ. ಜಾಹೀರಾತಿನ ಹಣ ಕೊಳ್ಳುವ ಶಕ್ತಿಯ ಲೆಕ್ಕದಲ್ಲಿ ಬರುತ್ತದೆ.

ಜಾಹೀರಾತೊಂದೇ ದಾರಿಯೇ ಎಂಬುದು ಇನ್ನೊಂದು ಪ್ರಶ್ನೆ. ಚೀನಾದ ಟೆನ್ಸೆಂಟ್, ತನ್ನ ಸಂದೇಶ ಸೇವೆ ಕ್ಯೂಕ್ಯೂ ಬಳಕೆದಾರರ ಪರದೆಯ ಗೊಂಬೆಗೆ ತೊಡಿಸುವ ಬಟ್ಟೆ, ಕೇಶವಿನ್ಯಾಸಗಳನ್ನು ಚಿಲ್ಲರೆ ಹಣಕ್ಕೆ ಮಾರಿ ಗಳಿಸಿತು. ಲಿಂಕ್ಡ್‌ಇನ್ ನೌಕರಿಗೆ ಜನ ಹುಡುಕುವ ಕಂಪನಿಗಳಿಂದ ಶುಲ್ಕ ಪಡೆಯಿತು. 2016ರಲ್ಲಿ ಮೈಕ್ರೋಸಾಫ್ಟ್ ಅದಕ್ಕೆ 2,620 ಕೋಟಿ ಡಾಲರ್ ತೆತ್ತಿತು. ಎರಡೂ ಕಡೆ ಹಣ ಕೊಡುವವರಿಗೆ ಒಂದು ಸ್ಪಷ್ಟ ಅಗತ್ಯವಿತ್ತು. ಜಾಹೀರಾತನ್ನೇ ನಂಬಿದವರ ಗಳಿಕೆ ಬೇರೆಯವರ ಹಿಡಿತದಲ್ಲಿರುತ್ತದೆ: ಆಪಲ್ 2021ರಲ್ಲಿ ಐಫೋನ್ ಬಳಕೆದಾರರ ಜಾಡು ಹಿಡಿಯಲು ಅನುಮತಿ ಕಡ್ಡಾಯ ಮಾಡಿದ ಮರುವರ್ಷ, ಇದರಿಂದ ಸುಮಾರು 1,000 ಕೋಟಿ ಡಾಲರ್ ಆದಾಯ ಖೋತಾ ಆಗಲಿದೆಯೆಂದು ಮೆಟಾ ಅಂದಾಜಿಸಿತು.

ಆದ್ದರಿಂದ ದೊಡ್ಡ ಜಾಲತಾಣಗಳು ಬಾಳಿಕೆಯ ಲಾಭ ಗಳಿಸಬಲ್ಲವು, ಆದರೆ ದೊಡ್ಡದಾದ ಕಾರಣಕ್ಕೇ ಅಲ್ಲ. ಎಷ್ಟು ಜನ ಸೇರಿದರು ಎಂಬುದಕ್ಕಿಂತ, ಯಾರು, ಯಾವ ಅಗತ್ಯಕ್ಕಾಗಿ, ಮತ್ತೆ ಮತ್ತೆ ಹಣ ಕೊಡುತ್ತಾರೆ ಎಂಬುದೇ ಅವುಗಳ ಅಳಿವು ಉಳಿವನ್ನು ತೀರ್ಮಾನಿಸಿದೆ.